ಎರಡನೇ ಹೊಸ್ತಿಲು

ಮನೆ ಖಾಲಿ ಮಾಡುವ ದಿನ ಲಾರಿ ಬರುವ ಹೊತ್ತಿಗೆ ಒಂದು ಕೆಲಸ ಮಾತ್ರ ಉಳಿದಿತ್ತು. ಹಾಲ್‌ನ ಕಿಟಕಿಗೆ ಹಾಕಿಸಿದ್ದ ಬೀಗ ಬಿಚ್ಚುವುದು.

ಎರಡು ಸ್ಕ್ರೂ, ಬೆರಳುದ್ದದ ಒಂದು ಲೋಹದ ತುಂಡು, ಒಂದು ಪುಟ್ಟ ಬೀಗದ ಕೈ. ಐದು ನಿಮಿಷದಲ್ಲಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅಲ್ಯುಮಿನಿಯಂ ಚೌಕಟ್ಟಿನಲ್ಲಿ ಉಳಿದ ಎರಡು ತೂತಿಗೆ ಬಿಳಿ ಪುಟ್ಟಿ ಮೆತ್ತಿ ಒದ್ದೆ ಬಟ್ಟೆಯಿಂದ ಒರೆಸಿದೆ. ಅಲ್ಲೊಂದು ಬೀಗವಿತ್ತೆಂದು ಯಾರೂ ಹೇಳಲಾರರು, ಹಾಗೆ.

ಹತ್ತು ಗಂಟೆಗೆ ಓನರ್ ಬಂದರು. ನಿವೃತ್ತರು, ಒಳ್ಳೆಯವರು, ಲೆಕ್ಕದಲ್ಲಿ ಮಾತ್ರ ಕಟ್ಟುನಿಟ್ಟು. ಗೋಡೆಯ ಮೇಲೆ ಕೈಯಾಡಿಸುತ್ತ ಕೋಣೆ ಕೋಣೆ ಸುತ್ತಿದರು. ಮೊಳೆಯ ಗುರುತು ಎಣಿಸಿದರು, ಮೂರು. ಬೆಂಗಳೂರಿನ ರೂಢಿಯಂತೆ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಅಡ್ವಾನ್ಸ್ ಲೆಕ್ಕ ಚುಕ್ತಾ ಮಾಡಿದರು. ಹೊರಡುವ ಮುಂಚೆ ಕಿಟಕಿಯ ಬಳಿ ನಿಂತು ಗಾಜಿನ ಶಟರನ್ನು ಅತ್ತಿತ್ತ ಸರಿಸಿ, "ಪರವಾಗಿಲ್ಲ, ಸಲೀಸಾಗಿ ಓಡುತ್ತೆ" ಅಂದರು. ನಾನೂ ತಲೆಯಾಡಿಸಿದೆ.

ಆ "ಸಲೀಸು" ಎರಡು ವರ್ಷವಾದರೂ ನನ್ನ ಬೆನ್ನು ಬಿಟ್ಟಿಲ್ಲ.

ಆ ಮನೆ ನಾಲ್ಕನೇ ಮಹಡಿಯದು. ಸೇರಿದಾಗ ಮಗಳಿಗೆ ಎಂಟು ತಿಂಗಳು. ಮನೆ ನೋಡಲು ಹೋದ ದಿನ ನಮ್ಮನ್ನು ಸೆಳೆದದ್ದೇ ಆ ಕಿಟಕಿ. ತೊಡೆಯೆತ್ತರದಿಂದ ಶುರುವಾಗಿ ತಲೆಯ ಮೇಲಿನವರೆಗೆ ಗಾಜು. ಆಚೆ ಒಂದು ಹೊಂಗೆಮರದ ನೆತ್ತಿ, ಅದರಾಚೆ ಬರೀ ಆಕಾಶ. "ಗಾಳಿ ಬೆಳಕು ನೋಡಿ ಸಾರ್" ಎಂದ ಬ್ರೋಕರ್. ಗಾಳಿ ನೋಡಿದೆವು, ಬೆಳಕು ನೋಡಿದೆವು, ಬಾಗಿಲು ಯಾವ ದಿಕ್ಕಿಗೆಂದು ನೋಡಿದೆವು, ಕಾವೇರಿ ನೀರು ವಾರಕ್ಕೆಷ್ಟು ದಿನ ಬರುತ್ತದೆಂದು ಕೇಳಿದೆವು. ಕಿಟಕಿಗೆ ಸರಳಿಲ್ಲ ಎಂಬುದು ಕಣ್ಣಿಗೆ ಬಿದ್ದಿತ್ತು. ಆದರೆ ಅದು ನಮಗೆ ಚಂದವಾಗಿ ಕಂಡಿತು.

ಮಗಳಿಗೆ ಎರಡು ತುಂಬಲು ಇನ್ನೂ ಮೂರು ತಿಂಗಳಿದ್ದಾಗಿನ ಮಾತು. ಒಂದು ಬೆಳಿಗ್ಗೆ ಕೆಳಗೆ ಸೊಪ್ಪಿನ ಗಾಡಿಯವನು ಕೂಗಿದ. ಅವನ ಕೂಗೆಂದರೆ ಮಗಳಿಗೆ ಪ್ರಾಣ. ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲನ್ನು ದರದರ ಎಳೆದು ತಂದಳು, ಅದರಿಂದ ದಿವಾನ್ ಹತ್ತಿದಳು, ದಿವಾನಿನಿಂದ ಕಿಟಕಿಯ ಅಂಚಿಗೆ ಕೈಯೂರಿದಳು. ಗಾಜು ತೆರೆದಿತ್ತು, ಸೊಳ್ಳೆ ಜಾಲರಿ ಮಾತ್ರ ಮುಚ್ಚಿತ್ತು. ಹಣೆಯನ್ನು ಅದಕ್ಕೆ ಒತ್ತಿ ಕೆಳಗೆ ನೋಡುತ್ತಿದ್ದಳು. ನನ್ನಾಕೆ ಅಡುಗೆಮನೆಯಲ್ಲಿದ್ದಳು. ನಾನು ಅದೇ ಹಾಲ್‌ನಲ್ಲಿ, ಎರಡು ಮಾರು ದೂರದಲ್ಲಿ ಕೂತು ಮೊಬೈಲ್ ನೋಡುತ್ತಿದ್ದೆ. ಸ್ಟೂಲ್ ಎಳೆದ ಸದ್ದು ಕಿವಿಗೆ ಬಿದ್ದಿತ್ತು, ಆದರೆ ತಲೆಯೆತ್ತಲಿಲ್ಲ. ಎತ್ತಿದಾಗ ಕಂಡದ್ದು ಇಷ್ಟು: ಅವಳ ಹಣೆ ಇದ್ದಲ್ಲಿ ಜಾಲರಿ ಹೊರಕ್ಕೆ ಉಬ್ಬಿತ್ತು.

ಹೋಗಿ ಎತ್ತಿಕೊಂಡೆ. ಏನೂ ಆಗಲಿಲ್ಲ.

"ಏನೂ ಆಗಲಿಲ್ಲ" ಎಂಬುದು ನಮ್ಮ ನೆಮ್ಮದಿಯ ಮಾತು. ದೇವರು ದೊಡ್ಡವನು ಅಂದುಕೊಂಡು, ಮಗುವಿಗೆ ದೃಷ್ಟಿ ತೆಗೆದು, ಮರುದಿನ ಮರೆಯುತ್ತೇವೆ. ಆಗದೇ ಉಳಿದದ್ದಕ್ಕೆ ಊರಿನಲ್ಲಿ ದಾಖಲೆಯಿಲ್ಲ. ಆದದ್ದು ಮಾತ್ರ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗುತ್ತದೆ, ಅದನ್ನು ಓದಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ತಾಯಿ ಎಲ್ಲಿದ್ದಳಂತೆ?" ನಮ್ಮಲ್ಲೂ ಹಾಗೇ ಆಯಿತು. ಸಂಜೆ ಫೋನಿನಲ್ಲಿ ವಿಷಯ ತಿಳಿದ ನನ್ನಮ್ಮ ಮೊದಲು ಕೇಳಿದ್ದು, "ಅವಳೇನು ಮಾಡ್ತಿದ್ಲು?" ಎಂದು. ಎರಡು ಮಾರು ದೂರದಲ್ಲಿ ಕೂತಿದ್ದವನು ನಾನು. ನನ್ನನ್ನು ಯಾರೂ ಕೇಳಲಿಲ್ಲ.

ಮಗುವಿನ ಮೈಯ ಲೆಕ್ಕವೇ ಬೇರೆ. ಹುಟ್ಟಿದ ಕೂಸಿನ ಉದ್ದದಲ್ಲಿ ತಲೆಯದೇ ಸುಮಾರು ಕಾಲು ಭಾಗ; ಬೆಳೆದವರಲ್ಲಿ ಅದು ಎಂಟರಲ್ಲಿ ಒಂದು ಭಾಗದ ಆಸುಪಾಸು. ಎರಡು ಮೂರು ವರ್ಷದ ಮಗು ಬಗ್ಗಿ ನೋಡಿದರೆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಕ್ಕೆ ಎಳೆದುಕೊಳ್ಳುವ ತೋಳಿನ ಬಲ ಇನ್ನೂ ಬಂದಿರುವುದಿಲ್ಲ. ಸೊಳ್ಳೆ ಜಾಲರಿ ಸೊಳ್ಳೆಗೆಂದೇ ಮಾಡಿದ್ದು. ಬಾಲ್ಕನಿಗೆ ಕಟ್ಟುವ ನೈಲಾನ್ ಬಲೆ ಪಾರಿವಾಳಕ್ಕೆ. ಎರಡರಲ್ಲಿ ಯಾವುದನ್ನೂ ಮಗುವಿನ ತೂಕ ನೆನೆದು ಹೆಣೆದಿಲ್ಲ. ಆದರೂ ಕಣ್ಣಿಗೆ ಅಡ್ಡವಾಗಿ ಏನೋ ಒಂದು ಇದೆಯಲ್ಲ ಎಂದು ನಮ್ಮ ಮನಸ್ಸು ಸಮಾಧಾನಪಟ್ಟುಕೊಳ್ಳುತ್ತದೆ. ಏನೂ ಇಲ್ಲದ ಕಿಟಕಿಯ ಮುಂದೆ ನಾವು ಎಚ್ಚರವಾಗಿರುತ್ತಿದ್ದೆವೋ ಏನೋ. ಜಾಲರಿ ನಮ್ಮನ್ನು ಮಲಗಿಸಿತು.

ನಾನು ಬೆಳೆದ ಮನೆಯಲ್ಲಿ ಈ ಯೋಚನೆಯೇ ಇರಲಿಲ್ಲ. ಹಾಸನ ಜಿಲ್ಲೆಯ ಹಳ್ಳಿಯ ಹೆಂಚಿನ ಮನೆ. ಕಿಟಕಿಗಳು ಸಣ್ಣವು, ಒಂದೊಂದಕ್ಕೂ ನೆಟ್ಟಗೆ ನಿಂತ ಕಬ್ಬಿಣದ ಸರಳು. ಆ ಸರಳುಗಳನ್ನು ಹಿಡಿದು, ನಡುವೆ ಮೂಗು ತೂರಿಸಿ ಮಳೆ ನೋಡಿದ್ದು, ಕೈಗೆಲ್ಲ ತುಕ್ಕಿನ ವಾಸನೆ ಹತ್ತುತ್ತಿದ್ದದ್ದು ಈಗಲೂ ನೆನಪಿದೆ. ಸರಳು ಹಾಕಿಸಿದ್ದು ಕಳ್ಳರಿಗೆ ಹೆದರಿ, ನಮಗಾಗಿ ಅಲ್ಲ. ಆದರೆ ಹೊರಗಿನವರು ಒಳಬಾರದಂತೆ ಕಟ್ಟಿದ್ದು ಒಳಗಿನ ನಮ್ಮನ್ನೂ ಕಾಯುತ್ತಿತ್ತು. ಆ ಮನೆಗೆ ಹೊರದಾರಿ ಎಂದರೆ ಬಾಗಿಲು. ಅದಕ್ಕೊಂದು ಹೊಸ್ತಿಲು. ತೆವಳುವ ಮಗು ಮೊದಲ ಸಲ ಹೊಸ್ತಿಲು ದಾಟಿದ ದಿನ ಅಜ್ಜಿ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಸಿಹಿ ಮಾಡಿ ನೆರೆಮನೆಗಳಿಗೆ ಹಂಚುತ್ತಿದ್ದರು. ಚಿಕ್ಕವನಿದ್ದಾಗ ಅದು ನನಗೆ ಬರೀ ತಿನ್ನುವ ಸಡಗರ. ಈಗ ಅನ್ನಿಸುತ್ತದೆ, ಅದು ಮನೆಗೂ ಕೇರಿಗೂ ಮಾಡಿದ ಒಂದು ಅಧಿಕೃತ ಪ್ರಕಟಣೆ. ಇವತ್ತಿನಿಂದ ಈ ಕೂಸು ತನ್ನಷ್ಟಕ್ಕೆ ತಾನೇ ಹೊರಗೆ ಹೋಗಬಲ್ಲದು. ಬಾವಿಗೆ ಮುಚ್ಚಳ ಹಾಕಿ, ಎತ್ತು ಬಿಡುವಾಗ ನೋಡಿ ಬಿಡಿ, ಒಲೆಯ ಮುಂದೆ ಯಾರಾದರೂ ಇರಿ. ಸಿಹಿ ತಿಂದವರೆಲ್ಲ ಆ ಸುದ್ದಿಯ ಪಾಲುದಾರರು.

ಊರಿನಿಂದ ಬೆಂಗಳೂರಿಗೆ, ನೆಲದಿಂದ ನಾಲ್ಕನೇ ಮಹಡಿಗೆ ಬಂದೆವು. ಕಿಟಕಿ ಬೆಳೆಯುತ್ತ ಬೆಳೆಯುತ್ತ ನೆಲದತ್ತ ಇಳಿಯಿತು, ಸರಳು ಕಳಚಿತು. ಹೊರಗಿನ ನೋಟಕ್ಕೆ ಚದರಡಿಗಿಷ್ಟು ಎಂದು ಬೆಲೆ ಬಂತು. ಮನೆಯ ಹೊಸ್ತಿಲು ಲಿಫ್ಟಿನ ಎದುರಿಗೆ ಸುಭದ್ರವಾಗಿದೆ. ಅದಕ್ಕೆ ಚಿಲಕ, ಅಗುಳಿ, ಡೋರ್ ಲಾಕ್, ಆಚೆ ಇನ್ನೊಂದು ಸೇಫ್ಟಿ ಡೋರ್. ಕಿಟಕಿಯ ಅಂಚು ಎರಡನೇ ಹೊಸ್ತಿಲಾಗಿದೆ. ಅದನ್ನು ಮಗು ಯಾವತ್ತು ದಾಟಬಲ್ಲಷ್ಟು ಬೆಳೆಯಿತೆಂದು ನಮ್ಮಲ್ಲಿ ಯಾರೂ ಗುರುತು ಹಾಕುವುದಿಲ್ಲ.

ಜಾಲರಿ ಉಬ್ಬಿದ ದಿನ ಮಧ್ಯಾಹ್ನವೇ ಓನರ್‌ಗೆ ಫೋನ್ ಮಾಡಿದ್ದೆ. ಗ್ರಿಲ್ ಹಾಕಿಸಿಕೊಡಿ ಸಾರ್ ಎಂದೆ. "ಹೊರಗಡೆ ಗ್ರಿಲ್ ಹಾಕೋಕೆ ಅಸೋಸಿಯೇಷನ್‌ನವರು ಬಿಡಲ್ಲಪ್ಪಾ, ಬಿಲ್ಡಿಂಗ್ ಎಲಿವೇಷನ್ ಕೆಡುತ್ತೆ ಅಂತಾರೆ. ಒಳಗಡೆ ಹಾಕಿದ್ರೆ ಫ್ರೇಮ್ ಕೊರೀಬೇಕು. ಮಗೂನ ನೋಡ್ಕೋಬೇಕಾದೋರು ನೀವಲ್ವೇನಪ್ಪಾ" ಅಂದರು. ದನಿಯಲ್ಲಿ ಕಾಠಿಣ್ಯವಿರಲಿಲ್ಲ, ಲೋಕದ ಮಾತನ್ನೇ ಹೇಳುತ್ತಿದ್ದೇನೆ ಎಂಬ ಧಾಟಿ ಇತ್ತು. ಅವತ್ತು ರಾತ್ರಿ ಕರಾರು ಪತ್ರ ತೆಗೆದು ಓದಿದೆ. ಹನ್ನೊಂದು ತಿಂಗಳ ಕರಾರು; ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದ್ದರಿಂದ ಎಲ್ಲರೂ ಹನ್ನೊಂದಕ್ಕೇ ನಿಲ್ಲುತ್ತಾರೆ. ಮೊಳೆ ಹೊಡೆಯಬಾರದು ಎಂದಿತ್ತು. ಸಾಕುಪ್ರಾಣಿ ಬೇಡ ಎಂದಿತ್ತು. ಗೀಜರ್ ಎಷ್ಟು, ಫ್ಯಾನ್ ಎಷ್ಟು, ಟ್ಯೂಬ್‌ಲೈಟ್ ಎಷ್ಟು ಎಂಬ ಪಟ್ಟಿಯಿತ್ತು. ಆ ಮನೆಯಲ್ಲಿ ಒಂದು ಮಗು ಇರುತ್ತದೆ ಎಂಬ ಸಂಗತಿ ಎಲ್ಲಿಯೂ ಇರಲಿಲ್ಲ.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯನ್ನೂ ಹುಡುಕಿ ಓದಿದೆ. ಮನೆಗಳ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಅದು ಹೇಳುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಕೊಟ್ಟ ಬೆಂಗಳೂರಿನವನಿಗೆ ಅದು ಕನಸಿನಂಥ ಮಾತು. ಕೊನೆಯಲ್ಲಿ ಒಂದು ಅನುಸೂಚಿ ಇದೆ, ಯಾವ ರಿಪೇರಿ ಯಾರದೆಂದು. ಕಟ್ಟಡದ ದುರಸ್ತಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಮಾಲೀಕರ ಪಾಲಿಗೆ. ನಲ್ಲಿಯ ವಾಷರ್, ಸ್ವಿಚ್ಚು, ಕಿಟಕಿಯ ಒಡೆದ ಗಾಜು, ಹಿಡಿ, ಬೀಗ ಇವೆಲ್ಲ ಬಾಡಿಗೆದಾರರ ಪಾಲಿಗೆ. ಓದಿದಾಗ ಮೊದಲು ಕಂಡದ್ದು ನ್ಯಾಯ. ಆಮೇಲೆ ಒಂದು ಪದ ಚುಚ್ಚಿತು. ಅಲ್ಲಿರುವುದು ಬೀಗ "ಬದಲಾಯಿಸುವ" ಮಾತು. ಇದ್ದ ಬೀಗ ಕೆಟ್ಟರೆ ಬದಲಾಯಿಸಬಹುದು. ಎಂದೂ ಇರದ ಬೀಗ ಯಾರದು?

ಬಾಡಿಗೆ ಮನೆಯ ಸಂಕಟವೇ ಇದು. ಓನರ್‌ಗೆ ಕಿಟಕಿ ತನ್ನದು, ಮಗು ತನ್ನದಲ್ಲ. ಬಾಡಿಗೆದಾರನಿಗೆ ಮಗು ತನ್ನದು, ಕಿಟಕಿ ತನ್ನದಲ್ಲ. ಇಬ್ಬರೂ ತಮ್ಮ ತಮ್ಮ ಸ್ವತ್ತನ್ನು ಜೋಪಾನವಾಗಿಯೇ ನೋಡಿಕೊಳ್ಳುತ್ತಾರೆ. ಬೀಳುವುದಾದರೆ ಮಗು ಬೀಳುವುದು ಆ ಎರಡು ಜೋಪಾನಗಳ ಸಂದಿನಲ್ಲಿ.

ಈ ವಾದ ನಮ್ಮ ಕಾಲದ್ದೂ ಅಲ್ಲ, ನಮ್ಮ ಊರಿನದ್ದೂ ಅಲ್ಲ. ನ್ಯೂಯಾರ್ಕ್ ನಗರದಲ್ಲಿ ಅರವತ್ತು ಎಪ್ಪತ್ತರ ದಶಕಗಳಲ್ಲಿ ಬಡವರ ಹಳೆಯ ಬಾಡಿಗೆ ಕಟ್ಟಡಗಳ ಕಿಟಕಿಗಳಿಂದ ಮಕ್ಕಳು ಬೀಳುತ್ತಿದ್ದರು, ಬೇಸಿಗೆ ಬಂದು ಕಿಟಕಿಗಳು ತೆರೆದರೆ ಇನ್ನೂ ಹೆಚ್ಚು. ಅಲ್ಲಿಯೂ ಮೊದಲು ಎದ್ದ ಪ್ರಶ್ನೆ ತಾಯಿಯ ಕುರಿತೇ. ನಗರದ ಆರೋಗ್ಯ ಇಲಾಖೆ 1972ರಲ್ಲಿ ಬ್ರಾಂಕ್ಸ್ ಭಾಗದಲ್ಲಿ ಒಂದು ಕೆಲಸ ಶುರುಮಾಡಿತು. ಅದಕ್ಕಿಟ್ಟ ಹೆಸರು, ಮಕ್ಕಳಿಗೆ ಹಾರಲು ಬರುವುದಿಲ್ಲ ಎಂದು. ಮನೆಗಳಿಗೆ ಹೋಗಿ ತಿಳಿಹೇಳಿದರು, ಚಿಕ್ಕ ಮಕ್ಕಳಿದ್ದ ಮನೆಗಳಿಗೆ ಕಿಟಕಿ ಸರಳುಗಳನ್ನು ಪುಕ್ಕಟೆ ಕೊಟ್ಟರು. ಎರಡು ಮೂರು ವರ್ಷದಲ್ಲಿ ಆ ಭಾಗದಲ್ಲಿ ಮಕ್ಕಳು ಬೀಳುವ ಪ್ರಕರಣಗಳು ಅರ್ಧದಷ್ಟು ಇಳಿದವು. 1976ರಲ್ಲಿ ನಗರ ಅದನ್ನೇ ಕಾನೂನು ಮಾಡಿತು. ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದಲ್ಲಿ, ಹತ್ತು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗುವಿರುವ ಮನೆಯ ಕಿಟಕಿಗಳಿಗೆ ಮಾಲೀಕನೇ ಸರಳು ಹಾಕಿಸಬೇಕು. ಮಗುವಿಲ್ಲದವರು ಕೇಳಿದರೂ ಹಾಕಿಸಬೇಕು, ಯಾಕೆಂದು ಕೇಳುವಂತಿಲ್ಲ. ಪ್ರತಿ ವರ್ಷ ಜನವರಿಯಲ್ಲಿ ಮಾಲೀಕ ಪ್ರತಿ ಮನೆಗೂ ಚೀಟಿ ಕಳಿಸಿ ಮಗುವಿದೆಯೇ ಎಂದು ವಿಚಾರಿಸಬೇಕು.

ನನಗೆ ಹಿಡಿಸಿದ್ದು ಸರಳಿನ ಕಡ್ಡಾಯವಲ್ಲ, ಈ ಚೀಟಿ. ಮನೆಯಲ್ಲಿ ಮಗುವಿದೆಯೇ ಎಂದು ಮಾಲೀಕ ವರ್ಷಕ್ಕೊಮ್ಮೆ ಕೇಳಬೇಕು ಎನ್ನುವಲ್ಲಿ ನನ್ನಜ್ಜಿ ಹಂಚಿದ ಸಿಹಿಯ ನೆನಪಾಗುತ್ತದೆ. ಕೂಸು ಹೊಸ್ತಿಲು ದಾಟಿದ್ದು ಕೇರಿಗೆಲ್ಲ ಗೊತ್ತಿರಬೇಕು. ಸಿಹಿ ಹಂಚಲಾಗದಷ್ಟು ದೊಡ್ಡದಾದ ಊರು ಅದನ್ನೇ ಚೀಟಿಯಲ್ಲಿ ಬರೆದುಕೊಂಡಿತು.

ಸಿಡ್ನಿಯ ಬಾಡಿಗೆ ಮನೆಯಲ್ಲಿರುವ ತಂಗಿ ವಿಡಿಯೊ ಕಾಲ್‌ನಲ್ಲಿ ತನ್ನ ಕಿಟಕಿ ತೋರಿಸಿದ್ದಳು. "ನೋಡಣ್ಣಾ, ಇಷ್ಟೇ ಸರಿಯೋದು" ಎಂದು ಸಂದಿಗೆ ಅಂಗೈಯನ್ನು ಅಡ್ಡ ಹಿಡಿದಳು. ಅಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಪಾರ್ಟ್‌ಮೆಂಟುಗಳ ಇಂಥ ಕಿಟಕಿಗಳು 12.5 ಸೆಂಟಿಮೀಟರಿಗಿಂತ ಹೆಚ್ಚು ತೆರೆಯದಂತೆ ಬೀಗ ಹಾಕಿಸಲು 2018ರ ಮಾರ್ಚ್ 13ರ ಗಡುವು ಕೊಟ್ಟಿದ್ದರು. ಬೀಗ ಸುಮಾರು 25 ಕಿಲೋ ತೂಕದಷ್ಟು ನೂಕನ್ನು ತಡೆಯಬೇಕು. ಆ ಹನ್ನೆರಡೂವರೆ ಸೆಂಟಿಮೀಟರ್ ನಮ್ಮ ಅಳತೆಯಲ್ಲಿ ಅರ್ಧ ಗೇಣಿಗಿಂತ ಒಂದಿಷ್ಟು ಹೆಚ್ಚು. ಒಂದು ಮಗುವಿನ ಪ್ರಾಣದ ವಿಷಯದಲ್ಲಿ ಒಂದು ಸರ್ಕಾರ ಕೂತು ಅರ್ಧ ಗೇಣಿನ ಲೆಕ್ಕ ಹಾಕಿದೆ ಎನ್ನುವುದು ನನಗೆ ದೊಡ್ಡ ಮಾತಾಗಿ ಕಂಡಿತು. ಧರ್ಮ, ಕರುಣೆ ಎಂದು ನಾವು ಭಾಷಣ ಮಾಡುವಾಗ ಅಳತೆಪಟ್ಟಿ ಹಿಡಿದಿರುವುದಿಲ್ಲ.

ಹಾಗೆಂದು ಬಿಗಿದಷ್ಟೂ ಒಳ್ಳೆಯದು ಎನ್ನುವಂತಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಡೆಯ ಅಪಾರ್ಟ್‌ಮೆಂಟೊಂದಕ್ಕೆ ಬೆಂಕಿ ಬಿದ್ದು ಇಬ್ಬರು ಮಹಿಳೆಯರು ತೀರಿಕೊಂಡರು. ಬಾಲ್ಕನಿಗೆ ಭದ್ರವಾದ ಗ್ರಿಲ್ ಇತ್ತು. ಅವರಲ್ಲೊಬ್ಬರು ಅದರ ಹಿಂದೆ ಸಿಕ್ಕಿಕೊಂಡು ಕೂಗುತ್ತಿದ್ದುದನ್ನು ಕೆಳಗೆ ನಿಂತವರು ನೋಡಿದರು. ಊರೆಲ್ಲ ಮೊಬೈಲಿನಲ್ಲಿ ನೋಡಿತು. ಕಾಯಲೆಂದು ಹಾಕಿಸಿದ್ದೇ ಕಟ್ಟಿಹಾಕಿತ್ತು. ನ್ಯೂಯಾರ್ಕಿನವರು ಈ ಲೆಕ್ಕವನ್ನೂ ಮೊದಲೇ ಹಾಕಿದ್ದರು, ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲಿಗೆ ತೆರೆಯುವ ಕಿಟಕಿಗೆ ಸರಳು ಹಾಕುವಂತಿಲ್ಲ. ಮಗುವಿನ ಕೈಗೆ ತೆರೆಯಬಾರದು, ದೊಡ್ಡವರ ಕೈಗೆ ಕತ್ತಲಲ್ಲೂ ತೆರೆಯಬೇಕು. ಬೀಗದಷ್ಟೇ ಮುಖ್ಯ ಬೀಗದ ಕೈ ತೂಗುಹಾಕುವ ಜಾಗ. ಸೋಫಾ, ದಿವಾನ್, ಮಂಚ ಇವನ್ನು ಕಿಟಕಿಯಿಂದ ಸರಿಸುವುದಕ್ಕಂತೂ ಓನರ್ ಒಪ್ಪಿಗೆ ಬೇಡ, ಕಾಸೂ ಬೇಡ. ನಾವು ದಿವಾನ್ ಸರಿಸಿದ್ದು ಜಾಲರಿ ಉಬ್ಬಿದ ಮೇಲೆ.

ನನ್ನಮ್ಮ ಮಾತ್ರ ಇದನ್ನೆಲ್ಲ ಒಪ್ಪಲಿಲ್ಲ. "ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡ್ರೆ ಬೀಗ ಯಾಕೆ?" ಅಂದರು. ಆ ಪ್ರೀತಿ ದೊಡ್ಡದು. ಆದರೆ ಕಣ್ಣಲ್ಲಿ ಕಣ್ಣಿಡಲು ಅಂದು ಊರಿನ ಮನೆಯಲ್ಲಿ ಅಜ್ಜಿ, ಅತ್ತೆ, ಚಿಕ್ಕಮ್ಮ, ಬಾಣಂತಿ, ಹತ್ತು ಜೋಡಿ ಕಣ್ಣಿದ್ದವು. ಇಂದು ನಾಲ್ಕನೇ ಮಹಡಿಯಲ್ಲಿ ಇರುವುದು ಎರಡು ಜೋಡಿ. ಒಂದು ಕುಕ್ಕರ್ ಮೇಲೆ, ಇನ್ನೊಂದು ಮೊಬೈಲಿನ ಮೇಲೆ. ಕಣ್ಣು ಎಂದಾದರೂ ತಪ್ಪುತ್ತದೆ ಎಂದು ಮೊದಲೇ ಒಪ್ಪಿಕೊಂಡು, ತಪ್ಪುವ ಆ ಗಳಿಗೆಗೊಂದು ಏರ್ಪಾಡು ಮಾಡಿಡುವುದೂ ಪ್ರೀತಿಯೇ. ನಾನು ತಪ್ಪುವುದಿಲ್ಲ ಎನ್ನುವ ಪ್ರೀತಿಯಲ್ಲಿ ಒಂದು ಪಾಲು ಅಹಂಕಾರವಿದೆ.

ಆ ಹೊತ್ತಿಗೆ ನಮ್ಮ ಕಿಟಕಿಯ ಎದುರಿಗೇ ಇನ್ನೊಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕೆಲಸಗಾರರು ಅಲ್ಲೇ ತಗಡಿನ ಶೆಡ್‌ಗಳಲ್ಲಿದ್ದರು. ಕಿಟಕಿ ಕೂರುವ ಮುಂಚಿನ ಆ ಕಟ್ಟಡದಲ್ಲಿ, ಗೋಡೆಯೇ ಇಲ್ಲದ ಮಹಡಿಯ ಅಂಚಿನಲ್ಲಿ ಅವರ ಮಕ್ಕಳು ಓಡಾಡುವುದು ನನಗೆ ಕಾಣುತ್ತಿತ್ತು. ತಾಯಿ ಬಾಂಡಲಿ ಹೊರುವಾಗ ಮಗು ಎಲ್ಲಿರಬೇಕು? ಬೀಗ ಹಾಕಿಸಿದ ಮೇಲೆ ಅದೇ ಕಿಟಕಿಯ ನಾಲ್ಕು ಬೆರಳಗಲದ ಸಂದಿನಲ್ಲಿ ಅವರನ್ನು ನೋಡುತ್ತಿದ್ದೆ. ಒಂದೆರಡು ಸಲ ಮೇಸ್ತ್ರಿಗೆ ಹೇಳಿದೆ. ಅವನು ಹೂಂ ಅಂದ. ನಾನೂ ಅಲ್ಲಿಗೆ ಬಿಟ್ಟೆ. ನಮ್ಮ ಕಿಟಕಿಗೆ ಬೀಗ ಬಿದ್ದಿತ್ತಲ್ಲ.

ಅಲ್ಲಿಗೆ ಬಿಡುವ ಆ ಗುಣವೇ ಮನೆ ಬಿಡುವ ದಿನವೂ ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿಸಿದ್ದು. ಬೀಗ ಹಾಕಿಸುವಾಗ ಓನರ್‌ಗೆ ತಿಳಿಸಿರಲಿಲ್ಲ. ಬೀದಿ ತುದಿಯ ಫ್ಯಾಬ್ರಿಕೇಷನ್ ಅಂಗಡಿಯ ಹುಡುಗ ಬಂದು ಫ್ರೇಮ್ ಕೊರೆದು ಕೂರಿಸಿ, ಮುನ್ನೂರು ಚಿಲ್ಲರೆ ತೆಗೆದುಕೊಂಡು ಹೋಗಿದ್ದ. ಬಿಡುವಾಗ ಆ ತೂತು ಕಂಡರೆ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೋ ಎಂಬ ಒಂದೇ ಯೋಚನೆ. ನಮ್ಮ ಮಗು ನಮ್ಮ ಜೊತೆ ಬರುತ್ತಿತ್ತು. ಅದಕ್ಕೆ ಬೀಗವನ್ನೂ ತಂದೆ. ಹೊಸ ಮನೆ ನೆಲಮಹಡಿ, ಕಿಟಕಿಗೆ ಗ್ರಿಲ್ ಇದೆ. ಬೀಗ ಇತ್ತೀಚಿನವರೆಗೂ ಮೊಳೆ, ಬಲ್ಬು, ಹಳೆಯ ಚಾರ್ಜರ್‌ಗಳ ಡಬ್ಬದಲ್ಲಿತ್ತು, ಯಾವ ಮಗುವನ್ನೂ ಕಾಯದೆ.

ಆ ಕಿಟಕಿಯ ಅಪಾಯವನ್ನು ಹತ್ತಿರದಿಂದ ಬಲ್ಲವರು ಲೋಕದಲ್ಲಿ ಮೂರೇ ಜನ: ನಾನು, ನನ್ನಾಕೆ, ಫ್ಯಾಬ್ರಿಕೇಷನ್ ಹುಡುಗ. ಓನರ್ ಅಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ. ಮುಂದೆ ಬರುವವರು ಗಾಳಿ ಬೆಳಕು ನೋಡಿ ಮೆಚ್ಚುವವರು. ಕರಾರು ಪತ್ರ ಹೊಣೆಯನ್ನು ಸ್ವತ್ತಿನ ಗೆರೆಯ ಮೇಲೆ ಹಂಚುತ್ತದೆ. ಆದರೆ ಗೊತ್ತಿರುವುದಕ್ಕೂ ಒಂದು ಹೊಣೆಯಿದೆ. ಬಾವಿಯ ಕಟ್ಟೆ ಸಡಿಲವಾಗಿದೆ ಎಂದು ಕಂಡ ದಾರಿಹೋಕ ಅಲ್ಲೊಂದು ಮುಳ್ಳುಕೊಂಬೆ ಎಳೆದಿಟ್ಟು ಮುಂದೆ ಹೋಗುತ್ತಾನೆ. ಬಾವಿ ಅವನದಲ್ಲ, ಮತ್ತೆ ಆ ದಾರಿಯಲ್ಲಿ ಬರುವವನೂ ಅಲ್ಲ. ಬಾಡಿಗೆದಾರ ಅಂಥ ದಾರಿಹೋಕನೇ. ನಾನು ಇಟ್ಟಿದ್ದ ಕೊಂಬೆಯನ್ನು ಎತ್ತಿಕೊಂಡು, ಗುರುತನ್ನೂ ಅಳಿಸಿ ಬಂದಿದ್ದೆ.

ಹೋದ ತಿಂಗಳು ಕೊನೆಗೂ ಓನರ್‌ಗೆ ಫೋನ್ ಮಾಡಿದೆ. ಕ್ಷೇಮಸಮಾಚಾರ ಆಯಿತು. "ಈಗ ಮನೇಲಿ ಯಾರಿದ್ದಾರೆ ಸಾರ್?" ಎಂದೆ. "ಒಂದು ಫ್ಯಾಮಿಲಿ, ದಾವಣಗೆರೆ ಕಡೆಯವರು. ಯಾಕಪ್ಪಾ?" ಜಾಲರಿಯ ಕಥೆ ಹೇಳಿದೆ, ಬೀಗದ ಕಥೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಹಾಕಿದ್ದನ್ನ ಬಿಚ್ಚಿದ್ದು ಯಾಕಪ್ಪಾ ಮತ್ತೆ?"

ನನ್ನ ಬಳಿ ಉತ್ತರವಿರಲಿಲ್ಲ. ನೀವು ದುಡ್ಡು ಹಿಡೀತೀರಿ ಅಂತ, ಎನ್ನಲು ನಾಲಿಗೆ ಏಳಲಿಲ್ಲ. ಹಿಡಿಯುತ್ತಿದ್ದರೋ ಇಲ್ಲವೋ, ನಾನು ಕೇಳಿಯೇ ಇರಲಿಲ್ಲ.

ಭಾನುವಾರ ಹೋದೆ. ಬಾಗಿಲು ತೆರೆದ ಹೆಣ್ಣುಮಗಳಿಗೆ ಓನರ್ ಹೇಳಿಟ್ಟಿದ್ದರು. ಅವಳ ಸೆರಗು ಹಿಡಿದು ಮೂರರ ಆಸುಪಾಸಿನ ಗಂಡುಮಗು ನಿಂತಿತ್ತು. ಕಿಟಕಿಯ ಕೆಳಗೆ ನಾವು ದಿವಾನ್ ಇಟ್ಟಿದ್ದ ಜಾಗದಲ್ಲೇ ಅವರ ಸೋಫಾ. ಚೌಕಟ್ಟಿನ ಮೇಲೆ ಬೆರಳಾಡಿಸಿ, ಸ್ಕ್ರೂಡ್ರೈವರ್ ತುದಿಯಿಂದ ಪುಟ್ಟಿ ಕೆದಕಿದೆ. ಎರಡು ತೂತೂ ಅಲ್ಲೇ ಇದ್ದವು. ಬೀಗ ಕೂರಿಸಿದೆ. ಶಟರ್ ನಾಲ್ಕು ಬೆರಳಗಲ ಸರಿದು ಟಕ್ ಎಂದು ನಿಂತಿತು. ಬೀಗದ ಕೈಯನ್ನು ಕಿಟಕಿಯ ಪಕ್ಕ, ಮಗುವಿಗೆ ಎಟುಕದ ಎತ್ತರದಲ್ಲಿ ತೂಗುಹಾಕಬೇಕಿತ್ತು. ಅಲ್ಲೊಂದು ಮೊಳೆಯಿತ್ತು. ಓನರ್ ಎಣಿಸಿದ್ದ ಮೂರರಲ್ಲಿ ಒಂದರ ಜಾಗದಲ್ಲಿ ಇವರು ಮತ್ತೆ ಹೊಡೆದಿದ್ದರು.

ಓನರ್ ಕಳಿಸಿದ ಕೆಲಸದವನೆಂದು ತಿಳಿದಿದ್ದಳೇನೋ, ಆ ಹೆಣ್ಣುಮಗಳು ಪರ್ಸ್ ತೆಗೆಯುತ್ತ, "ಎಷ್ಟಾಯ್ತು ಅಣ್ಣಾ?" ಎಂದಳು.

"ಏನಿಲ್ಲಮ್ಮಾ, ಇದು ಈ ಮನೇದೇ" ಎಂದೆ. "ಆ ಸೋಫಾ ಒಂದಿಷ್ಟು ಈಚೆ ಎಳ್ಕೊಳೋಣ, ಒಂದು ಕೈ ಹಿಡೀರಿ."